ಕಬಿನಿಯ ಹರಿಗೋಲು

ಕೆಂಪಾಂಬುಧಿ ಕೆರೆಯನ್ನು ದಡದಿಂದಲೇ ನೋಡಿ ಬೆಳೆದ ಬಸವನಗುಡಿಯ ನಮ್ಮಂಥವರಿಗೆ ಕಬಿನಿ ಹಿನ್ನೀರಿನ ಹರಿಗೋಲು ನೀರನ್ನೇ ಹೊಸದಾಗಿ ಪರಿಚಯಿಸುತ್ತದೆ. ಆ ಹಿನ್ನೀರಿನ ದಡದ ಕಾರಾಪುರದಲ್ಲಿ ಮೈಸೂರು ಮಹಾರಾಜರು ಬೇಟೆಗೆ ಬಂದಾಗ ತಂಗುತ್ತಿದ್ದ ಬಂಗಲೆ ಈಗ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಅತಿಥಿಗೃಹ. ಕಾಕನಕೋಟೆಯ ಈ ಸೀಮೆಯಲ್ಲಿ ಕಾಡಾನೆಗಳನ್ನು ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಇಂದು ಜನ ಆನೆಗಳನ್ನು ಸುಮ್ಮನೆ ನೋಡಲೆಂದೇ ಬರುತ್ತಾರೆ. ನನಗೆ ಈ ಬದಲಾವಣೆಯೇ ದೊಡ್ಡದು.

ಅತಿಥಿಗಳಿಗೆ ಜೀಪ್ ಸಫಾರಿ, ದೋಣಿ ಸಫಾರಿ ಎಲ್ಲವೂ ಉಂಟು. ನನ್ನ ಮನಸ್ಸು ಮಾತ್ರ ಹರಿಗೋಲಿನ ಕಡೆಗೆ. ಬಿದಿರ ಸೀಳುಗಳನ್ನು ಹೆಣೆದು ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ದೊಡ್ಡ ಮಂಕರಿಯಂಥ ಇದಕ್ಕೆ ಮುಂದಿಲ್ಲ, ಹಿಂದಿಲ್ಲ. ಅಂಬಿಗ ಒಂದೇ ಹುಟ್ಟನ್ನು ಮುಂದೆ ಚಾಚಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ನೀರನ್ನು ತನ್ನತ್ತ ಎಳೆಯುತ್ತಾನೆ. ಕೈಲೆಕ್ಕ ತಪ್ಪಿದರೆ ಹರಿಗೋಲು ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರೂ ಸಾಕು. ಎಂಜಿನ್ನಿನ ಸದ್ದಿಲ್ಲ, ಮುಳುಗಿದ ಮರದ ಬೋಳು ಕೊಂಬೆಯಲ್ಲಿ ರೆಕ್ಕೆ ಹರವಿ ಕೂತ ನೀರುಕಾಗೆ ಬೆದರುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದ ದಡದಲ್ಲಿ ಎಳೆಹುಲ್ಲು ಚಿಗುರಿ ಆನೆ ಹಿಂಡುಗಳು ಇಳಿದು ಬರುತ್ತವೆ. ಹೋಗುವುದಾದರೆ ಏಪ್ರಿಲ್, ಮೇ ತಿಂಗಳಲ್ಲೇ ಹೋಗಿ.