ಗೋಡೆಗೆ ಹೆಸರು, ಗಾಜಿಗೆ ಊರು: ಕೊಯಮತ್ತೂರಿನಲ್ಲಿ ಸಮಕಾಲೀನ ಕಲೆ ನೋಡುವುದು

ಕೊಯಮತ್ತೂರಿನ ಅವಿನಾಶಿ ರಸ್ತೆಯ ಕಸ್ತೂರಿ ಶ್ರೀನಿವಾಸನ್ ಆರ್ಟ್ ಗ್ಯಾಲರಿ ಮತ್ತು ಜವಳಿ ಮ್ಯೂಸಿಯಂ ಬಗ್ಗೆ ಮಾತಾಡ್ತೀನಿ. ಶ್ರೀನಿವಾಸನ್ ಅವರು ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಸ್ಥೆಯ, ಅಂದರೆ ಸಿಟ್ರಾದ, ಮೊದಲ ನಿರ್ದೇಶಕರು. ಹಾಗಾಗಿ ಚಿತ್ರಪ್ರದರ್ಶನಕ್ಕೆಂದು ಹೋದವರಿಗೆ ಇಲ್ಲಿ ಬಟ್ಟೆಯ ಚರಿತ್ರೆಯೂ ಜೊತೆಗೇ ಸಿಗುತ್ತೆ.

ಈ ಜೋಡಿಯನ್ನು ನಾವು ನೋಡುವ ಕ್ರಮದಲ್ಲೇ ಒಂದು ತಾರತಮ್ಯ ಇದೆ. ಕ್ಯಾನ್ವಾಸ್ ಮುಂದೆ ನಿಂತರೆ ‘ಇದು ಯಾರದು?’ ಅಂತ ಕೇಳ್ತೀವಿ. ಸೀರೆಯ ಮುಂದೆ ನಿಂತರೆ ‘ಇದು ಎಲ್ಲಿಯದು?’ ಅಂತೀವಿ. 2023ರಲ್ಲಿ ಪೊಳ್ಳಾಚಿ ಬಳಿಯ ನೆಗಮಂ ಹತ್ತಿ ಸೀರೆಗೆ ಭೌಗೋಳಿಕ ಸೂಚಿಕೆ ಬಂದಾಗಲೂ ಹೆಸರು ದಕ್ಕಿದ್ದು ಊರಿಗೆ, ನೇಯ್ದ ಕೈಗಲ್ಲ.

ಆ ಕೈಗಳಲ್ಲಿ ಎಷ್ಟೋ ದೇವಾಂಗರವು. ಮನೆಮಾತು ಕನ್ನಡ, ಓದುಬರಹ ತಮಿಳು. ನಮ್ಮ ಹಾಸು-ಹೊಕ್ಕು ತಮಿಳಿನ ಫಲಕದಲ್ಲಿ ಪಾವು-ಊಡೈ ಆಗುತ್ತೆ. ತಪ್ಪೇನಿಲ್ಲ, ಆದರೆ ಮಗ್ಗದ ಮುಂದೆ ಕೂತವರ ಮಾತು ಫಲಕದ ತನಕ ಬರೋದೇ ಇಲ್ಲ.

ಕಲೆ ಬೇರೆ, ನೇಯ್ಗೆ ಬೇರೆ ಅನ್ನೋದು ಅನಾದಿ ಸತ್ಯವೇನಲ್ಲ. ಪ್ರಭಾಕರ ಬರ್ವೆ ಸುಮಾರು ಎರಡು ದಶಕ ನೇಕಾರರ ಸೇವಾ ಕೇಂದ್ರದಲ್ಲಿ ಕೆಲಸ ಮಾಡಿದವರು. ಕೆ.ಜಿ. ಸುಬ್ರಮಣ್ಯನ್ ಕೈಮಗ್ಗ ಮಂಡಳಿಯಲ್ಲಿದ್ದರು. ಅವರ ಶಿಷ್ಯೆ ಮೃಣಾಲಿನಿ ಮುಖರ್ಜಿ ನಾರಿನ ಹಗ್ಗವನ್ನು ಗಂಟುಹಾಕಿ ಮಾಡಿದ ಶಿಲ್ಪಗಳು 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್‌ವರೆಗೂ ಹೋದವು. ಹಗ್ಗಕ್ಕೆ ಅಲ್ಲಿ ಸಿಕ್ಕ ಗೌರವ ಸೆರಗಿಗೆ ಇಲ್ಲಿ ಯಾಕಿಲ್ಲ?

ಹಾಗಂತ ಸೀರೆಯನ್ನು ತಂದು ಬಿಳಿ ಗೋಡೆಗೆ ತೂಗುಹಾಕಿಬಿಟ್ಟರೆ ಆಯ್ತಾ? ಅದು ಬರೀ ಅಲಂಕಾರ. ನಾನು ನೋಡಬಯಸೋದು ಜಕಾರ್ಡ್ ಕಾರ್ಡುಗಳನ್ನು. ಗ್ರಾಫ್ ಹಾಳೆಯ ಮೇಲೆ ಬರೆದ ವಿನ್ಯಾಸ ರಟ್ಟಿನ ತೂತುಗಳಾಗುತ್ತೆ. ಯಾವ ಹಾಸಿನೆಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಅಂತ ಆ ತೂತು ತೀರ್ಮಾನಿಸುತ್ತೆ. ಇದೂ ರೇಖಾಚಿತ್ರವೇ. ವರ್ಣಚಿತ್ರಕಾರರ ಕರಡುಗಳ ಪಕ್ಕದಲ್ಲೇ ಇದನ್ನಿಟ್ಟು, ಬರೆದವರ ಹೆಸರು, ನೇಯ್ದವರ ಹೆಸರು ಎರಡನ್ನೂ ಹಾಕಲಿ.

ಚಾಟ್‌ನಲ್ಲೊಂದು ಪ್ರಶ್ನೆ ಬಂದಿದೆ: ‘ನೇಕಾರರಿಗೆ ಬೇಕಾಗಿರೋದು ಹೆಸರೋ, ಕೂಲಿಯೋ?’ ಒಳ್ಳೆಯ ಪ್ರಶ್ನೆ. ಆದರೆ ವರ್ಣಚಿತ್ರಕಾರರನ್ನು ಯಾರೂ ಹೀಗೆ ಕೇಳಲ್ಲ, ಯಾಕಂದ್ರೆ ಅಲ್ಲಿ ಸಹಿಯೇ ಬೆಲೆ. ಸಹಿ ಇಲ್ಲದ ಕೆಲಸಕ್ಕೆ ಗಜದ ಲೆಕ್ಕ, ದಿನದ ಲೆಕ್ಕ. ಪಕ್ಕದ ತಿರುಪ್ಪೂರಿನಿಂದ ರಫ್ತಾಗುವ ಟೀ-ಶರ್ಟಿನ ಕುತ್ತಿಗೆಪಟ್ಟಿ ತಿರುವಿ ನೋಡಿ: ಕೊಂಡ ಕಂಪನಿಯ ಹೆಸರಿರುತ್ತೆ, ಹೊಲಿದವರದ್ದಲ್ಲ.