ಬಾಯಿ ತಪ್ಪಿದ ಹಾಡು

2023ರ ನವೆಂಬರ್. ಡೊಂಬಿವಲಿಯ ಒಂದು ಸಭಾಗೃಹದಲ್ಲಿ ರಾಜ್ಯೋತ್ಸವದ ಭಾಷಣಗಳು ಮುಗಿದು, ಹಿಂದಿನ ಬಾಗಿಲಿನಿಂದ ಸಾರಿನ ವಾಸನೆ ಬರತೊಡಗಿದ ಹೊತ್ತಿಗೆ, ನಾಲ್ಕು ನಿಮಿಷ ಹತ್ತು ಸೆಕೆಂಡಿನ ಒಂದು ಹಾಡಿನ ವಿಡಿಯೋ ತೋರಿಸಿದರು. ನಮ್ಮ ಕಟ್ಟಡದಲ್ಲೇ ಇರುವ, ವಿಜಯಪುರದ ಕಡೆಯಿಂದ ಬಂದ ಕುಟುಂಬವೊಂದರ ಹುಡುಗಿ ತನ್ನ ಇಬ್ಬರು ಗೆಳೆಯರ ಜೊತೆ ಸೇರಿ ಮಾಡಿದ್ದು. ಮಾಧ್ಯಮ ಕೋರ್ಸಿನ ಕೊನೆಯ ವರ್ಷಕ್ಕೆ ಒಪ್ಪಿಸಬೇಕಾದ ಪ್ರಾಜೆಕ್ಟು. ಪರದೆಯ ಮೇಲೆ ಬಾಂದ್ರಾ-ವರಳಿ ಸೀಲಿಂಕ್ ಆಕಾಶದಿಂದ ಕಾಣಿಸಿಕೊಂಡಾಗ ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಆ ಸೇತುವೆ ಅಲ್ಲಿಗೆ ಯಾಕೆ ಬಂತು ಅನ್ನುವುದು ಅಷ್ಟು ಜನರಲ್ಲಿ ನಾಲ್ವರಿಗೆ ಮಾತ್ರ ಗೊತ್ತಿತ್ತು: ಆ ಮೂವರು ಮಕ್ಕಳಿಗೆ, ಮತ್ತು ನನಗೆ.

ಹಾಡು ಹುಡುಗಿಯ ತಾಯಿಯದು. ರೊಟ್ಟಿ ಬಡಿಯುತ್ತ ಬಡಿಯುತ್ತ ಅವರೇ ಕಟ್ಟಿಕೊಂಡದ್ದು. ತವರಿನ ಅಡಿಗೆಮನೆ, ಅಲ್ಲಿಯ ಒಲಿ, ಒಲಿಯ ಮುಂದೆ ಕೂತ ಅವ್ವ, ಅಷ್ಟೇ ಅದರ ವಸ್ತು. (ನಿಮ್ಮ ಒಲೆ ನಮ್ಮ ಕಡೆ ಒಲಿ. ಈ ಒಂದು ಶಬ್ದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.) ಧ್ವನಿಯೂ ತಾಯಿಯದೇ. ಮಂಗಳೂರು ಮೂಲದ ಒಬ್ಬ ಹುಡುಗ ಧ್ವನಿ ಮತ್ತು ಎಡಿಟಿಂಗ್ ನೋಡಿಕೊಂಡ. ಅವನು ಮೊದಲ ದಿನವೇ ಮಾಡಿದ ಒಂದು ಬುದ್ಧಿವಂತ ಕೆಲಸ ಎಂದರೆ, ತಬಲಾ ಗಿಬಲಾ ಏನೂ ಬೇಡವೆಂದು, ಆಕೆ ರೊಟ್ಟಿ ಬಡಿಯುವ ಸದ್ದನ್ನೇ ಮೊಬೈಲಿನಲ್ಲಿ ಹಿಡಿದು ಅದನ್ನೇ ತಾಳವಾಗಿ ಕೂರಿಸಿದ್ದು. ಒಣ ಹಿಟ್ಟಿನ ಮೇಲೆ ಅಂಗೈ ಬೀಳುವ ಆ ಸಪ್ಪಳ ಹಾಡಿನ ಉದ್ದಕ್ಕೂ ಇದೆ. ಕಣ್ಣು ಮುಚ್ಚಿ ಕೇಳಿದರೆ ಈ ವಿಡಿಯೋ ಪೂರ್ಣ ಯಶಸ್ವಿ. ತೊಂದರೆ ಇರುವುದು ಕಣ್ಣು ತೆರೆದಾಗ.

ಹಾಡನ್ನು ಚಿತ್ರಿಸುವ ಕ್ರಮ ಒಳನಾಡಿನ ಓದುಗರಿಗೆ ಗೊತ್ತೇ ಇರುತ್ತದೆ. ಮೊದಲು ಹಾಡು ಪೂರ್ತಿ ರೆಕಾರ್ಡಾಗಬೇಕು. ಆಮೇಲೆ ಸಾಲುಸಾಲಾಗಿ ಒಡೆದು, ಯಾವ ಸಾಲಿಗೆ ಯಾವ ಶಾಟು ಎಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಶೂಟಿಂಗಿನಲ್ಲಿ ಸ್ಪೀಕರಿನಿಂದ ಹಾಡು ಬರುತ್ತಿರುತ್ತದೆ, ಪಾತ್ರಧಾರಿ ಅದಕ್ಕೆ ಸರಿಯಾಗಿ ತುಟಿ ಆಡಿಸುತ್ತಾರೆ. ಈ ಕಾಗದದ ಕೆಲಸಕ್ಕೆ ಹಾಡು ಬರಹದಲ್ಲಿ ಬೇಕಾಯಿತು. ತಾಯಿಯ ಹತ್ತಿರ ಕನ್ನಡದಲ್ಲಿ ಬರೆದ ಒಂದು ಹಾಳೆ ಇತ್ತು. ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕ್ಯಾಮರಾದ ಹುಡುಗ ಅಪ್ಪಟ ಮರಾಠಿಗ. ಮೂವರೂ ನನ್ನ ಮನೆಗೆ ಬಂದರು.

"ಕಾಕಾ, ಇದನ್ನ ನಮಗ ಓದಾಕ ಬರೋಹಂಗ ಬರದು ಕೊಡ್ರಿ."

ಹತ್ತು ನಿಮಿಷದಲ್ಲಿ ದೇವನಾಗರಿಯಲ್ಲಿ ಬರೆದು ಕೊಟ್ಟೆ. ದೊಡ್ಡ ಉಪಕಾರ ಮಾಡಿದೆ ಎಂಬ ಭಾವನೆಯೂ ನನಗಿತ್ತು. ಚಹಾ ಕುಡಿದು ಹೋದರು.

ಮರಾಠಿ ಬರೆಯುವ ದೇವನಾಗರಿಯಲ್ಲಿ ನಮ್ಮ ಹ್ರಸ್ವ ಎ, ಹ್ರಸ್ವ ಒ ಬರೆಯುವ ರೂಢಿ ಇಲ್ಲ. ಇರುವುದು ಒಂದೇ ಏ, ಒಂದೇ ಓ. ಎದಿ ಎಂದು ಬರೆದರೂ ಓದುವವರು ಏದಿ ಎನ್ನುತ್ತಾರೆ. ಕೊಡ ಕೋಡಾಗುತ್ತದೆ, ಕೆರಿ ಕೇರಿಯಾಗುತ್ತದೆ, ನೀರು ಇರಬೇಕಾದಲ್ಲಿ ಓಣಿ ಬಂದು ನಿಲ್ಲುತ್ತದೆ. ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದ ನನಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಹತ್ತು ನಿಮಿಷದ ಕೆಲಸದಲ್ಲಿ ನೆನಪಾಗಲಿಲ್ಲ, ಅಷ್ಟೆ. ಹಾಡಿನಲ್ಲಿ ಮತ್ತೆ ಮತ್ತೆ ಬರುವ ಒಲಿಯನ್ನು ಓಲೀ ಎಂದು ಬರೆದುಕೊಟ್ಟವನು ನಾನೇ. ಅವರು ಅದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕ್ಯಾಮರಾದ ಕೆಳಗೆ ಅಂಟಿಸಿಕೊಂಡರು. ಹುಡುಗಿಗೆ ಹಾಡು ಕಿವಿಯಲ್ಲಿ ಸರಿಯಾಗಿಯೇ ಇತ್ತು. ಆದರೆ ಕ್ಯಾಮರಾ ಎದುರು ನಿಂತು ಎದೆ ಹೊಡೆದುಕೊಳ್ಳುವಾಗ ಕಿವಿಗಿಂತ ಕಣ್ಣಿನ ಮಾತೇ ಮೇಲಾಗುತ್ತದೆ. ತಾಯಿಯ ಧ್ವನಿ ಒಲಿ ಎಂದು ಮುಗಿಸಿ ಮುಂದೆ ಹೋದಾಗ ಮಗಳ ತುಟಿ ಇನ್ನೂ ಓ ಎಂದು ಗುಂಡಾಗಿಯೇ ಇರುತ್ತದೆ.

ಸೆಪ್ಟೆಂಬರಿನಲ್ಲಿ ಮೊದಲ ಕರಡು ಜೋಡಣೆ ತೋರಿಸಿದಾಗ ಇದನ್ನು ಎಲ್ಲರಿಗಿಂತ ಮೊದಲು ಕಂಡವರು ತಾಯಿ. ನಕ್ಕರು. ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಗಳ ಮುಖ ಸಣ್ಣದಾಯಿತು.

ನವೆಂಬರಿನಲ್ಲಿ ನಾವು ನೋಡಿದ್ದು ಆ ನಗುವಿನ ನಂತರದ ವಿಡಿಯೋ. ಆಮೇಲೆ ನಾನು ಮನೆಯಲ್ಲಿ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ, ನೋಟುಬುಕ್ಕಿನಲ್ಲಿ ಗೀಟು ಹಾಕುತ್ತ. ಮುಖ ಬಿಟ್ಟು ಊರಿನ ದೃಶ್ಯಕ್ಕೆ ಹಾರುವುದು ಒಟ್ಟು ಹನ್ನೊಂದು ಸಲ. ಗೇಟ್‌ವೇ, ಮರೀನ್ ಡ್ರೈವಿನ ದೀಪ, ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಗುಮ್ಮಟ, ಸೀಲಿಂಕ್. ಹನ್ನೊಂದರಲ್ಲಿ ಒಂಬತ್ತು ಕಡೆ, ಆ ಕ್ಷಣಕ್ಕೆ ಹಾಡಿನಲ್ಲಿರುವುದು ಹ್ರಸ್ವ ಎ ಅಥವಾ ಹ್ರಸ್ವ ಒ. ಅಂದರೆ ಸಭೆ ಚಪ್ಪಾಳೆ ತಟ್ಟಿದ್ದು ಒಂದು ತಪ್ಪಿದ ಬಾಯಿಯನ್ನು ಮುಚ್ಚಿದ ಮುಸುಕಿಗೆ.

ಮುಸುಕಾದರೂ ಸ್ವಂತದ್ದೇ? ಅದೂ ಅಲ್ಲ. ಮುಂಬಯಿಯಲ್ಲಿ ಡ್ರೋನ್ ಹಾರಿಸಲು ಅನುಮತಿ ಸಿಗುವುದು ವಿದ್ಯಾರ್ಥಿಗಳಿಗೆ ಎಟುಕುವ ಮಾತಲ್ಲ. ಎಡಿಟಿಂಗಿನ ಹುಡುಗ ಆ ತುಣುಕುಗಳನ್ನು ಎರಡು ಸಾವಿರ ರೂಪಾಯಿಗೆ ಕೊಂಡು ತಂದ. ಅದೇ ಸೀಲಿಂಕ್ ನಾಳೆ ಯಾವುದೋ ಗೃಹಸಾಲದ ಜಾಹೀರಾತಿನಲ್ಲೂ ಬರಬಹುದು. ಡೊಂಬಿವಲಿಯಿಂದ ಆ ಸೇತುವೆಗೆ ಒಂದೂವರೆ ತಾಸಿನ ದಾರಿ. ಬೆಳಿಗ್ಗೆ ಆರಕ್ಕೆ ಡಬ್ಬಿ ಕಟ್ಟಿ, ಲೋಕಲ್ಲಿನಲ್ಲಿ ನಿಂತುಕೊಂಡೇ ಹೋಗಿ ಬರುವ ಒಂದು ಕುಟುಂಬದ ಹಾಡಿಗೆ ಅದಕ್ಕೂ ಏನು ಸಂಬಂಧ? 2009ರಲ್ಲಿ ಅದು ತೆರೆದಾಗಿನಿಂದ, ಮುಂಬಯಿ ಎಂದು ಹೇಳಲು ಅದೊಂದನ್ನು ತೋರಿಸಿದರೆ ಸಾಕು ಅನ್ನುವ ಸೋಮಾರಿತನ ಎಲ್ಲರಿಗೂ ಅಂಟಿಕೊಂಡಿದೆ. ಮಕ್ಕಳನ್ನೇ ಯಾಕೆ ಬೈಯಬೇಕು ಅನ್ನಿ.

ಅವರೇ ತೆಗೆದದ್ದರಲ್ಲಿ ಏನಿತ್ತು ಎನ್ನುವುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೊದಲಿಗೆ ಗಚ್ಚಿಯ ಮೇಲೆ ಮಣ್ಣಿನ ಒಲಿ ಹಾಕಿ ಬೆಂಕಿ ಹಚ್ಚಬೇಕೆಂದಿದ್ದರು. ಸೊಸೈಟಿಯವರು ಒಪ್ಪಲಿಲ್ಲ, ನಮ್ಮ ಪುಣ್ಯ. ಹಾಗಾಗಿ ಹಾಡು ಒಲಿ ಎಂದು ಕರೆಯುವಾಗ ತೆರೆಯ ಮೇಲೆ ಗ್ಯಾಸಿನ ನೀಲಿ ಉರಿ ಮಾತ್ರ ಇದೆ. ಆ ನೀಲಿ ಉರಿ ಹೇಳುವುದನ್ನು ಹತ್ತು ಕಟ್ಟಿಗೆ ಒಲಿ ಹೇಳಲಾರವು.

ಅಡಿಗೆಮನೆಯ ಬೆಳಕಿನದು ಇನ್ನೊಂದು ಕತೆ. ಎದುರಿನ ಕಟ್ಟಡ ಅಡ್ಡ ಇರುವುದರಿಂದ ಆ ಕಿಟಕಿಗೆ ಬಿಸಿಲು ಬೀಳುವುದು ಮೇ ತಿಂಗಳಲ್ಲೂ ಇಪ್ಪತ್ತೇ ನಿಮಿಷ. ಬಾಡಿಗೆ ದೀಪ ತರಲು ದುಡ್ಡಿಲ್ಲ. ಕ್ಯಾಮರಾದ ಹುಡುಗ ಕೆಳಗಿನ ಕಟಿಂಗ್ ಅಂಗಡಿಯಿಂದ ಒಂದು ದೊಡ್ಡ ಕನ್ನಡಿ ಕೇಳಿ ತಂದ. ಸೋಮವಾರ, ನಮ್ಮಲ್ಲಿ ಮಂಗಳವಾರ ಇದ್ದ ಹಾಗೆ ಇಲ್ಲಿ ಕ್ಷೌರದಂಗಡಿಗೆ ಸೋಮವಾರ ರಜೆ. ಕನ್ನಡಿಯನ್ನು ಗ್ಯಾಲರಿಯಲ್ಲಿ ಬಿಸಿಲಿಗೆ ಹಿಡಿದು, ಬೆಳಕನ್ನು ಒಳಗಿನ ಗೋಡೆಗೆ ಬಿಟ್ಟ. ಎಣ್ಣೆಯ ಜಿಡ್ಡು ಹಿಡಿದ ಗೋಡೆಯ ಮೇಲೆ ಒಂದು ಚೌಕ ಬೆಳಕು, ಅದರೊಳಗೆ ರೊಟ್ಟಿಯ ಹಬೆ. ಒಂಬತ್ತು ಸೆಕೆಂಡು. ಕನ್ನಡಿ ಹಿಡಿದ ಕೈ ನಡುಗಿದ್ದಕ್ಕೆ ಬೆಳಕೂ ಸ್ವಲ್ಪ ನಡುಗುತ್ತದೆ, ಬೆಂಕಿಯ ಹಾಗೆ.

ಅದನ್ನು ನೋಡಿ ನಾನು ಅವರಿಗೆ ಮೈಸೂರಿನ ವಿ.ಕೆ. ಮೂರ್ತಿಯವರ ವಿಷಯ ಹೇಳಿದೆ. ಮೂವರೂ ಹೆಸರು ಕೇಳಿರಲಿಲ್ಲ. ಗುರುದತ್ತರ 'ಕಾಗಜ್ ಕೇ ಫೂಲ್' (1959) ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ, ಛಾಯಾಗ್ರಹಣ ಮೂರ್ತಿಯವರದು. ಅದರ ಒಂದು ಹಾಡಿನಲ್ಲಿ ಕತ್ತಲ ಸ್ಟುಡಿಯೋದ ಮೇಲಿನಿಂದ ಬೆಳಕಿನ ಒಂದು ಕೋಲು ಇಳಿಯುತ್ತದೆ. ದೊಡ್ಡ ದೀಪ ಹಾಕಿ ಮಾಡಿದ್ದಲ್ಲ. ಹೊರಗೆ ಬಿಸಿಲಿಗೊಂದು ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು ಕನ್ನಡಿ, ಅಷ್ಟೇ. ಮುಂದೆ 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದು ಮೊದಲ ಸಲ. ಮಕ್ಕಳು ಆ ಹಾಡನ್ನು ಅಲ್ಲೇ ಮೊಬೈಲಿನಲ್ಲಿ ಹಾಕಿ ನೋಡಿದರು. ಇಬ್ಬರು ಹುಡುಗರು ಬೆಳಕು ನೋಡಿದರು. ಹುಡುಗಿ ಬೇರೆಯದನ್ನು ನೋಡಿದಳು.

"ಕಾಕಾ, ಇದರಾಗ ಯಾರೂ ಬಾಯಿನ ಆಡ್ಸಂಗಿಲ್ಲ."

ನಿಜ. ಗೀತಾ ದತ್ತರ ಧ್ವನಿ ಹಿನ್ನೆಲೆಯಲ್ಲಿ ಹರಿಯುತ್ತದೆ, ಪಾತ್ರಗಳು ಸುಮ್ಮನೆ ನಿಂತಿರುತ್ತವೆ. ನೀವೂ ಹಾಗೇ ಮಾಡಬಹುದಿತ್ತಲ್ಲ, ತಾಯಿಯ ಧ್ವನಿ ತಾಯಿಯದಾಗಿಯೇ ಇರುತ್ತಿತ್ತು, ಈ ಮುಚ್ಚುವ ಕೆಲಸವೇ ಇರುತ್ತಿರಲಿಲ್ಲ ಎಂದೆ. ವಿಮರ್ಶಕನ ಬುದ್ಧಿ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಆ ಹಾಡು ನನ್ನ ಬಾಯಾಗ ಬರಬೇಕಂತ ಅಲ್ಲೇನ್ರಿ ಇಷ್ಟೆಲ್ಲಾ ಮಾಡಿದ್ದು?" ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಇನ್ನು ಮಳೆಯ ಶಾಟು. ಇಡೀ ವಿಡಿಯೋದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದು: ಅಡಿಗೆಮನೆಯ ಕಿಟಕಿಯ ಗಾಜಿನ ಮೇಲೆ ಜುಲೈ ಮಳೆ, ಗಾಜಿನ ಈಚೆ ಗ್ಯಾಸಿನ ನೀಲಿ. ವಿಜಯಪುರದ ಕಡೆಯ ಒಣ ನೆಲದ ಹಾಡಿಗೆ ಈ ಮಳೆ ಹೊಳೆದದ್ದು ಹೇಗೆ ಎಂದು ಕೇಳಿದೆ. ಕ್ಯಾಮರಾದ ಹುಡುಗ ತನ್ನ ಶಾಟುಗಳ ಪಟ್ಟಿ ತೆಗೆದು ತೋರಿಸಿದ. ಅವನು ಓಲೀ ಎಂಬುದನ್ನು ಮರಾಠಿಯಾಗಿಯೇ ಓದಿದ್ದ. ಮರಾಠಿಯಲ್ಲಿ ಓಲೀ ಎಂದರೆ ಒದ್ದೆ. ಹಾಡಿನಲ್ಲಿ ಇಷ್ಟು ಸಲ ಒದ್ದೆ ಒದ್ದೆ ಎಂದು ಬರುತ್ತದಲ್ಲ, ಮಳೆ ಇರಲೇಬೇಕು ಎಂದು ಅವನೇ ತೀರ್ಮಾನಿಸಿ, ಮೇ ತಿಂಗಳಲ್ಲಿ ಮುಗಿಯಬೇಕಿದ್ದ ಶೂಟಿಂಗನ್ನು ಮಳೆಗಾಲದ ತನಕ ಎಳೆದಿದ್ದ. ಒಲಿ ಎಂದರೆ ಬೆಂಕಿಯ ಜಾಗ ಎಂದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಪಾಪ, ಅವನು ನಾಚಿಕೊಂಡ. ನಾನು ಬರೆದುಕೊಟ್ಟ ಅದೇ ತಪ್ಪು ಅಕ್ಷರದಿಂದ ಹುಡುಗಿಯ ಬಾಯಿ ತಪ್ಪಿತು, ಅದರಿಂದಲೇ ಈ ಮಳೆಯೂ ಬಂತು. ಇದನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳಬೇಕೋ ನನಗೆ ತಿಳಿಯದು.

ತಾಂತ್ರಿಕ ತಪ್ಪುಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ನಿಧಾನಗತಿಯಲ್ಲಿ ಹಾಡುವ ಮುಖ ಬೇಕಾದರೆ ಸೆಕೆಂಡಿಗೆ 25ರ ಬದಲು 50 ಚೌಕಟ್ಟು ತೆಗೆಯಬೇಕು. ಆಗ ಸ್ಪೀಕರಿನಲ್ಲಿ ಹಾಡನ್ನೂ ಎರಡು ಪಟ್ಟು ವೇಗದಲ್ಲಿ ಬಿಡಬೇಕು, ಹಾಡುವವರು ಗಡಬಡಿಸಿ ತುಟಿ ಆಡಿಸಬೇಕು. ಇವರು ಹಾಡನ್ನು ಅದರ ವೇಗದಲ್ಲೇ ಬಿಟ್ಟರು. ಒಂದು ಇಡೀ ಮಧ್ಯಾಹ್ನದ ಕೆಲಸ ನಿದ್ದೆಗಣ್ಣಿನ ಬಾಯಿಯಾಗಿ ಕೂತಿತು. ಆ ಜಾಗವನ್ನೂ ಸೀಲಿಂಕೇ ತುಂಬಿದೆ.

ಹಾರ್ಡ್‌ಡಿಸ್ಕಿನಲ್ಲಿ ಬಿಟ್ಟುಹೋದ ಚೂರುಗಳನ್ನೂ ನೋಡುತ್ತೇನೆಂದು ಹಟ ಹಿಡಿದೆ. ಒಂದು ಭಾನುವಾರ ಕೂತು ನೋಡಿದೆವು. ಅದರಲ್ಲಿ 38 ಸೆಕೆಂಡಿನ ಒಂದು ಶಾಟು, ಎಲ್ಲೂ ಕತ್ತರಿ ಬಿದ್ದಿಲ್ಲ. ಸ್ಪೀಕರಿನ ಚಾರ್ಜು ಮುಗಿದಿದೆ. ತಾಯಿ ಕ್ಯಾಮರಾದ ಪಕ್ಕ ನಿಂತು, ನಮಗೆ ಕಾಣದ ಕಡೆಯಿಂದ, ಹಾಡನ್ನು ಬಾಯಲ್ಲೇ ಹೇಳಿಕೊಡುತ್ತಿದ್ದಾರೆ. ಮಗಳ ಕಣ್ಣು ಅಂಟಿಸಿದ ಹಾಳೆಯ ಮೇಲಿಲ್ಲ, ತಾಯಿಯ ಬಾಯಿಯ ಮೇಲಿದೆ. ಧ್ವನಿ ಮುಂದೆ, ತುಟಿ ಅರ್ಧ ಮಾತ್ರೆ ಹಿಂದೆ. ಒಲಿ ಬಂದಾಗ ಮಾತ್ರ ಒಂದು ಸಲ, ಒಂದೇ ಸಲ, ಎರಡೂ ಕೂಡುತ್ತವೆ, ಮತ್ತು ಅದು ಕೂಡಿತೆಂದು ಹುಡುಗಿಗೆ ತಿಳಿಯುತ್ತದೆ.

"ಇದನ್ಯಾಕ ಬಿಟ್ರಿ?"

"ಸಿಂಕ್ ಇಲ್ರಿ ಅದು. ಊರಾಗಿನವ್ರು ನೋಡಿದ್ರ ನಗ್ತಾರ."

ಅವಳು ಹೇಳಿದ ಊರಾಗಿನವರು ನೀವು. ರಜೆಗೆ ಹೋದಾಗ ಬಸ್ಸಿನ ಬೋರ್ಡು ಓದಲಾರದೆ ನಿಂತ ಈ ಹುಡುಗಿಯನ್ನು ನೋಡಿ ಅವಳ ಓರಗೆಯವರು ನಕ್ಕಿದ್ದರಂತೆ. ಏಳನೆಯ ಇಯತ್ತೆಯಲ್ಲಿದ್ದಾಗಿನ ಮಾತು. ಹೊರನಾಡಿನಲ್ಲಿ ಕನ್ನಡ ಉಳಿಸುತ್ತೇವೆಂದು ನಾವು ದೊಡ್ಡವರು ವೇದಿಕೆಯ ಮೇಲೆ ಶಾಲು ಹೊದೆಯುವಾಗ ಆ ನಗುವಿನ ಲೆಕ್ಕ ಹಿಡಿದವರಿಲ್ಲ. ಮುಂಬಯಿಯ ಮಕ್ಕಳು ಕನ್ನಡದಲ್ಲಿ ಏನಾದರೂ ಮಾಡಿದಾಗ ಅದು ಅತಿ ನುಣ್ಣಗೆ, ಅತಿ ಹೊಳಪಾಗಿ, ಯಾರದೂ ಅಲ್ಲದ ಹಾಗೆ ಯಾಕಿರುತ್ತದೆ ಎಂದು ಬಹಳ ವರ್ಷ ಗೊಣಗಿದವನು ನಾನು. ಈ ವಿಡಿಯೋ ನೋಡಿದ ಮೇಲೆ ಗೊಣಗಾಟ ಸ್ವಲ್ಪ ಕಡಿಮೆಯಾಗಿದೆ.

ವಾದ ನಡೆಯಿತು. ತಾಯಿ ಮೊದಲು ನನ್ನ ವಿರುದ್ಧವೇ ಇದ್ದರು, "ಅಣ್ಣಾರ, ಮಾರ್ಕ್ಸ್ ಕಡಿಮಿ ಆದ್ರ ಹ್ಯಾಂಗ್ರಿ?" ಎಂದು. ಆಮೇಲೆ ಆ 38 ಸೆಕೆಂಡು ನೋಡಿದರು. ಈ ಸಲ ನಗಲಿಲ್ಲ. ಜನವರಿಯಲ್ಲಿ ಎರಡನೆಯ ಜೋಡಣೆ ಆಯಿತು. ಗೇಟ್‌ವೇ ಹೋಯಿತು, ಮರೀನ್ ಡ್ರೈವ್ ಹೋಯಿತು, ಉದ್ದದ ಶಾಟು ಕೊನೆಯ ಚರಣಕ್ಕೆ ಬಂದು ಕೂತಿತು. ತಾಯಿಯ ಹೇಳಿಕೊಡುವ ಧ್ವನಿಯನ್ನು ತೆಗೆಯದೆ ಹಾಗೇ ಇಟ್ಟಿದ್ದಾರೆ. ಅದರ ಮೊದಲು ಬರುವ ಭಾಗ ಈಗಲೂ ಸಡಿಲ. ಮೇ ತಿಂಗಳ ಬಿಸಿಲಿನ ಗೋಡೆಯಿಂದ ಜುಲೈ ಮಳೆಗೆ ಒಂದೇ ಏಟಿಗೆ ಹೋಗುವುದು ಕಣ್ಣಿಗೆ ಹೊಡೆಯುತ್ತದೆ. ಸೀಲಿಂಕ್ ಕೂಡ ಒಂದು ಕಡೆ ಉಳಿದುಕೊಂಡಿದೆ, ಮೂರು ಸೆಕೆಂಡು. ಅದನ್ನೂ ತೆಗಿ ಎಂದೆ. ದುಡ್ಡು ಕೊಟ್ಟು ತಂದದ್ದು ಕಾಕಾ, ಒಂದಾದರೂ ಇರಲಿ ಎಂದು ಎಡಿಟಿಂಗಿನ ಹುಡುಗ ಬಿಡಲಿಲ್ಲ.