ಪ್ಯಾಟಿ ಗ್ಯಾಸೊ ಕಟ್ಟಿದ ತಂಡ

ಓಕ್ಲಹೋಮ ವಿಶ್ವವಿದ್ಯಾಲಯದ ಮಹಿಳಾ ಸಾಫ್ಟ್‌ಬಾಲ್ ತಂಡದ ಮಾತು ಬಂದರೆ ಸಾಕು, ಎಲ್ಲರೂ ಹೋಮ್ ರನ್, ಅಂದರೆ ಬೇಲಿ ದಾಟಿಸಿದ ಹೊಡೆತಗಳನ್ನು ಎಣಿಸಲು ಶುರು ಮಾಡುತ್ತಾರೆ. ತಪ್ಪೇನಿಲ್ಲ. 2021ರ ಒಂದೇ ಋತುವಿನಲ್ಲಿ ಈ ಹುಡುಗಿಯರು 161 ಹೋಮ್ ರನ್ ಬಾರಿಸಿದ್ದರು. ಜೋಸ್ಲಿನ್ ಅಲೋ ಒಬ್ಬಳದೇ ಒಟ್ಟು 122. ಅವಳು ಮುರಿದ 95ರ ದಾಖಲೆಯೂ ಇದೇ ತಂಡದ ಲಾರೆನ್ ಚೇಂಬರ್ಲೇನ್ ಹೆಸರಿನಲ್ಲಿತ್ತು. 96ನೆಯದನ್ನು ಅಲೋ ಬಾರಿಸಿದ್ದು ತನ್ನ ತವರು ಹವಾಯಿಯಲ್ಲಿ, ತನ್ನವರ ಕಣ್ಣೆದುರು! ಆದರೂ ನನಗೆ ಈ ತಂಡ ಹಿಡಿಸಿದ್ದು ಒಬ್ಬ ಕೋಚ್ ಒಂದೇ ಊರಿನಲ್ಲಿ ನೆಲೆನಿಂತು ಅದನ್ನು ಬೆಳೆಸಿದ ರೀತಿಗೆ.

ಆ ಕೋಚ್ ಪ್ಯಾಟಿ ಗ್ಯಾಸೊ 1995ರ ಋತುವಿಗೆ ವಿಶ್ವವಿದ್ಯಾಲಯವಿರುವ ನಾರ್ಮನ್ ಪಟ್ಟಣಕ್ಕೆ ಬಂದಾಗ ತಂಡಕ್ಕೆ ಸ್ವಂತ ಮೈದಾನವೇ ಇರಲಿಲ್ಲ. ಗಂಡಸರ ಹವ್ಯಾಸಿ ಲೀಗ್‌ಗಳು ನಡೆಯುತ್ತಿದ್ದ ಊರಿನ ರೀವ್ಸ್ ಪಾರ್ಕ್‌ನಲ್ಲೇ ಆಟ. 2000ದಲ್ಲಿ ಯುಸಿಎಲ್‌ಎ ತಂಡವನ್ನು 3–1ರಿಂದ ಮಣಿಸಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಎರಡನೆಯದಕ್ಕೆ 2013ರವರೆಗೆ ಕಾಯಬೇಕಾಯಿತು. ಈ ತಂಡದ ಕಥೆ ಹೇಳುವವರು ನಡುವಿನ ಹದಿಮೂರು ವರ್ಷಗಳನ್ನು ಹಾರಿಸಿಬಿಡುತ್ತಾರೆ. ಅಷ್ಟೂ ಕಾಲ ವಿಶ್ವವಿದ್ಯಾಲಯ ಗ್ಯಾಸೊ ಅವರನ್ನು ಬಿಡಲಿಲ್ಲ, ಅವರೂ ಊರು ಬಿಡಲಿಲ್ಲ. ಆಮೇಲೆ 2016, 2017. ಮತ್ತೆ 2021ರಿಂದ 2024ರವರೆಗೆ ಸತತ ನಾಲ್ಕು. ಸತತ ನಾಲ್ಕು ಗೆಲುವು ಬೇರೆ ಯಾರಿಗೂ ದಕ್ಕಿರಲಿಲ್ಲ.

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ಮಾತು. ಇಲ್ಲಿ ಪಿಚರ್‌ಗೂ ಬ್ಯಾಟರ್‌ಗೂ ನಡುವೆ ಇರುವುದು 43 ಅಡಿ, ಅಂದರೆ ಸುಮಾರು 13 ಮೀಟರ್ ಮಾತ್ರ. ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಮಣಿಕಟ್ಟು ಝಾಡಿಸಿ ಚೆಂಡು ಬಿಡುತ್ತಾರೆ. ಗಂಟೆಗೆ ನೂರು ಕಿಲೋಮೀಟರ್ ದಾಟಿ ಬರುವ ಆ ಚೆಂಡಿಗೆ ಬ್ಯಾಟ್ ಬೀಸಬೇಕೋ ಬೇಡವೋ ಎಂದು ನಿರ್ಧರಿಸಲು ಸಿಗುವುದು ಅರ್ಧ ಸೆಕೆಂಡಿಗಿಂತ ಕಡಿಮೆ ಸಮಯ.

ಇದನ್ನು ತಿಳಿದು 2023ರ ಕ್ಲೆಮ್ಸನ್ ವಿರುದ್ಧದ ಪಂದ್ಯ ನೋಡಬೇಕು. ಅದು ಏಳು ಇನಿಂಗ್ಸಿನ ಆಟ. ಓಕ್ಲಹೋಮ ಕೊನೆಯ ಇನಿಂಗ್ಸಿನಲ್ಲಿ 4–7ರಿಂದ ಹಿಂದಿತ್ತು, ಇಬ್ಬರು ಔಟಾಗಿದ್ದರು. ಕ್ಯಾಚರ್ ಕಿಂಜಿ ಹ್ಯಾನ್ಸನ್ ಮೂರು ರನ್‌ಗಳ ಹೋಮ್ ರನ್ ಬಾರಿಸಿ ಸಮ ಮಾಡಿದಳು. ಸಮವಾದ ಆಟ ಮುಂದುವರಿದು, ಒಂಬತ್ತನೆಯ ಇನಿಂಗ್ಸಿನಲ್ಲಿ ಟಿಯಾರೆ ಜೆನಿಂಗ್ಸ್ ಇನ್ನೊಂದು ಬಾರಿಸಿ ಗೆಲ್ಲಿಸಿದಳು. ಅದು ಸತತ 48ನೆಯ ಗೆಲುವು, ಹಳೆಯ ದಾಖಲೆ ಅಂದೇ ಮುರಿಯಿತು. ಆ ಋತುವಿನಲ್ಲಿ ತಂಡ 61 ಗೆದ್ದು ಸೋತದ್ದು ಒಂದೇ ಒಂದು.

2024ರಲ್ಲಿ ನಾರ್ಮನ್‌ನಲ್ಲಿ ಈ ತಂಡಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಆಸನಗಳ ಹೊಸ ಕ್ರೀಡಾಂಗಣ, ಲವ್ಸ್ ಫೀಲ್ಡ್, ತೆರೆಯಿತು. ರಾಷ್ಟ್ರೀಯ ಪ್ರಶಸ್ತಿ ನಿರ್ಧರಿಸುವ ಕಾಲೇಜು ವರ್ಲ್ಡ್ ಸೀರೀಸ್ ಪಕ್ಕದ ಓಕ್ಲಹೋಮ ಸಿಟಿಯಲ್ಲಿ ಬಹುಕಾಲದಿಂದ ನಡೆಯುತ್ತಿದೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನ ಸಾಫ್ಟ್‌ಬಾಲ್ ಕೂಡ ಅಲ್ಲಿಗೇ ನಿಗದಿಯಾಗಿದೆ.

ನನ್ನ ಕಳವಳ ಇರುವುದು ಹಣದ ಬಗ್ಗೆ. ಈಗ ಆಟಗಾರ್ತಿಯರು ಕಾಲೇಜು ಬದಲಿಸುವುದು ಸುಲಭ. ಸ್ಟ್ಯಾನ್‌ಫರ್ಡ್‌ನಿಂದ ಹತ್ತು ಲಕ್ಷ ಡಾಲರ್ ದಾಟಿದ ಒಪ್ಪಂದದ ಮೇಲೆ ಟೆಕ್ಸಸ್ ಟೆಕ್‌ಗೆ ಬಂದ ಪಿಚರ್ ನಿಜಾರಿ ಕೆನೆಡಿಯ ತಂಡವೇ 2025ರ ಸೆಮಿಫೈನಲ್‌ನಲ್ಲಿ ಗ್ಯಾಸೊ ಅವರ ಓಟಕ್ಕೆ ತಡೆ ಹಾಕಿತು. ಕೆನೆಡಿಗೆ ಸಿಕ್ಕ ಹಣ ಅವಳ ಪ್ರತಿಭೆಗೆ ಸಲ್ಲಬೇಕಾದದ್ದೇ. ಹೆಣ್ಣುಮಕ್ಕಳ ಆಟಕ್ಕೆ ಇಷ್ಟು ಬೆಲೆ ಬಂದದ್ದು ನನಗೆ ಸಂತೋಷವೇ. ಆದರೆ ಅಲೋಳ ಹಾಗೆ ಐದು ಋತು ಒಂದೇ ತಂಡದಲ್ಲಿ ಆಡಿ ಪಳಗುವವರನ್ನು ನಂಬಿ ಕಟ್ಟಿದ ತಂಡ ಇದು. ಗ್ಯಾಸೊ ಆ ಹಳೆಯ ದಾರಿಯನ್ನೇ ಹಿಡಿದು ಇನ್ನೊಂದು ಪ್ರಶಸ್ತಿ ಗೆಲ್ಲುವುದನ್ನು ನೋಡುವ ಆಸೆ ನನಗಿದೆ.